ಅಕ್ಕನ ಏಳು ಸವತಿಯರು

ನಮ್ಮ ಭಾವನಿಗೆ ದೇವರು ಎರಡೇ ಕೈ ಕೊಟ್ಟದ್ದು ಇಡೀ ಕುಟುಂಬಕ್ಕೆ ಮಾಡಿದ ದೊಡ್ಡ ಉಪಕಾರ ಎಂದು ನಾನು ಇಂದಿಗೂ ನಂಬಿದ್ದೇನೆ. ಕಾರ್ತವೀರ್ಯನ ಹಾಗೆ ಸಾವಿರ ಕೈ ಇದ್ದಿದ್ದರೆ ಏನು ಗತಿ? ಸಾವಿರ ಕೈಗೂ ಒಂದೊಂದು ಸ್ವಿಸ್ ಗಡಿಯಾರ ಕಟ್ಟದೆ ಈ ಮನುಷ್ಯ ಬಿಡುತ್ತಿರಲಿಲ್ಲ! ಎರಡೇ ಕೈ ಇಟ್ಟುಕೊಂಡು ಏಳು ಗಡಿಯಾರ ಕೂಡಿಹಾಕಿದರು ಎಂದ ಮೇಲೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಲ ಉಡುಪಿಯ ಕಡೆ, ವಾಸ ಡೊಂಬಿವ್ಲಿ. ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ ಅವರದೊಂದು ಇಡ್ಲಿ-ವಡೆಯ ಹೋಟೆಲು. ಪಾಲುದಾರರು ಅಡುಗೆಮನೆ ನೋಡಿಕೊಳ್ಳುತ್ತಿದ್ದರು, ಭಾವ ಗಲ್ಲಾದಲ್ಲಿ ಕೂರುತ್ತಿದ್ದರು. ಅಕ್ಕ ಠಾಣೆಯದೇ ಒಂದು ಕಚೇರಿಯಲ್ಲಿ ಗುಮಾಸ್ತೆ. ಅವಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಹೋಟೆಲಿನ ಲಾಭ ಎಲ್ಲಿಗೆ ಹೋಗುತ್ತದೆ ಎಂಬುದು ಭಾವನ ಮಣಿಕಟ್ಟು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅವರಿಗೆ ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಗಡಿಯಾರದ ಮಾತು ಬಂದಾಗಲೆಲ್ಲ ನಮ್ಮ ನೆಂಟರು ಮುಖ ಸಣ್ಣ ಮಾಡಿಕೊಂಡು "ಮಕ್ಕಳಿಲ್ಲವಲ್ಲ, ಅದಕ್ಕೇ" ಎನ್ನುತ್ತಿದ್ದರು. ಶುದ್ಧ ಸುಳ್ಳು! ಹುಚ್ಚು ಮದುವೆಗೆ ಮೊದಲೇ ಇತ್ತು. ಹೆಣ್ಣು ನೋಡಲು ಬಂದ ದಿನ ಭಾವ ಅಕ್ಕನನ್ನು ಒಂದು ಸಲ ನೋಡಿದ್ದರೆ, ನಮ್ಮ ಅಪ್ಪನ ಕೈಯ ಹಳೆಯ ಗಡಿಯಾರವನ್ನು ಹತ್ತು ಸಲ ನೋಡಿದ್ದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಬಾಗಿಲ ಸಂದಿಯಿಂದ ಲೆಕ್ಕ ಹಾಕಿದವಳು ನಾನೇ.

ಗಲ್ಲಾದ ಮೇಲೆ ಭಾವ ಎಡಗೈಯನ್ನು ಇಡುತ್ತಿದ್ದ ಭಂಗಿಯೇ ಬೇರೆ. ಅಂಗಿಯ ತೋಳು ಎರಡು ಮಡಿಕೆ ಮೇಲಕ್ಕೆ, ಗಡಿಯಾರದ ಮುಖ ಗಿರಾಕಿಯ ಕಡೆಗೆ. ಚಿಲ್ಲರೆಯನ್ನೂ ಅದೇ ಕೈಯಲ್ಲಿ ಕೊಡುತ್ತಿದ್ದರು, ಗಡಿಯಾರ ಮುಂದೆ ಹೋಗಬೇಕಲ್ಲ! ಒಂದು ದಿನ ಸ್ಟೇಷನ್ನಿನಲ್ಲಿ ಮೂಟೆ ಹೊರುವ ವಿಜಯಪುರದ ಹಿರಿಯರೊಬ್ಬರು ಚಹಾ ಕುಡಿದು, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ನಿಂತರು.

"ಎಡಗೈಲೆ ಕೊಡಾಕ ನಾ ಏನ್ ಭಿಕ್ಷಾ ಬೇಡಾಕ ಬಂದೀನೇನ್ರೀ?"

ಭಾವ ಎದ್ದು ನಿಂತು ಬಲಗೈಯಲ್ಲಿ ಕೊಟ್ಟರು, ಇನ್ನೊಂದು ಚಹಾ ಕುಡಿಸಿ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಅವತ್ತಿಗೆ ಬುದ್ಧಿ ಕಲಿಯುತ್ತಿದ್ದರು. ನಮ್ಮ ಭಾವ ಮಾಡಿದ್ದೇನು ಗೊತ್ತೇ? ಮರುದಿನದಿಂದ ಗಡಿಯಾರವನ್ನು ಬಲಗೈಗೆ ಕಟ್ಟಿಕೊಂಡರು.

ಆದರೆ ಅವರ ನಿಜವಾದ ಸಂಕಟ ಗೋಡೆಯ ಮೇಲಿತ್ತು. ಸ್ಟೇಷನ್ ಪಕ್ಕದ ನಮ್ಮವರ ಹೋಟೆಲುಗಳಲ್ಲಿ ಒಂದು ಪದ್ಧತಿ ಇದೆ. ಗೋಡೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದು. ಲೋಕಲ್ ಹಿಡಿಯುವವರು ತಲೆಯೆತ್ತಿ ನೋಡಿ, ಗಾಬರಿಯಾಗಿ, ವಡೆಯನ್ನು ಎರಡೇ ತುತ್ತಿಗೆ ನುಂಗಿ ಟೇಬಲ್ ಖಾಲಿ ಮಾಡುತ್ತಾರೆ. ಹೀಗಾಗಿ ಗೋಡೆಯ ಮೇಲೆ ಸುಳ್ಳು, ಭಾವನ ಕೈಯಲ್ಲಿ ದಿನಕ್ಕೆ ಎರಡು ಸೆಕೆಂಡೂ ತಪ್ಪದ ಸತ್ಯ! ಯಾರಾದರೂ "ಟೈಮ್ ಕ್ಯಾ ಹುವಾ, ಶೇಠ್?" ಎಂದರೆ ಭಾವ ಮುಖ ಹುಳ್ಳಗೆ ಮಾಡಿಕೊಂಡು, ತೋಳು ಕೆಳಗೆಳೆದು, ಗೋಡೆಯತ್ತ ಬೆರಳು ತೋರಿಸಬೇಕಾಗುತ್ತಿತ್ತು. ಠಾಣೆಯಲ್ಲೇ ಅತ್ಯಂತ ಸರಿಯಾದ ಸಮಯ ಇಟ್ಟುಕೊಂಡ ಮನುಷ್ಯನಿಗೆ ಅದನ್ನು ಹೇಳುವ ಯೋಗವಿಲ್ಲ. ಹೊರಗೆ ಹೇಳೋಣವೆಂದರೆ ಅಷ್ಟರಲ್ಲಿ ಎಲ್ಲರ ಜೇಬಿಗೂ ಮೊಬೈಲು ಬಂದಿತ್ತು, ಕೇಳುವವರೇ ಇರಲಿಲ್ಲ.

ಹೊಸ ಗಡಿಯಾರಕ್ಕೆ ಅವರ ಕೈ ಎಟುಕುತ್ತಿರಲಿಲ್ಲ. ಕಲ್ಯಾಣದಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಗಲ್ಫಿನಿಂದ ವಾಪಸಾದವರು, ಕೈ ಬರಿದಾದವರು ಮಾರಲು ತಂದದ್ದನ್ನು ಅವರು ಮೊದಲು ಭಾವನಿಗೇ ತಿಳಿಸುತ್ತಿದ್ದರು. ಫೋನಿನಲ್ಲಿ ಹೇಳುವುದು ಒಂದೇ ಮಾತು, "ಪಾಹುಣಾ ಆಲಾ." ಅತಿಥಿ ಬಂದಿದ್ದಾರೆ ಎಂದರ್ಥ. ಅಕ್ಕನಿಗೆ ತಿಳಿಯಬಾರದೆಂದು ಮಾಡಿಕೊಂಡ ಗುಟ್ಟಿನ ಭಾಷೆ. ಇಪ್ಪತ್ತು ವರ್ಷ ಡೊಂಬಿವ್ಲಿಯ ಲೇಡೀಸ್ ಡಬ್ಬಿಯಲ್ಲಿ ಓಡಾಡಿದ ಅಕ್ಕನಿಗೆ ಮರಾಠಿ ಬರುವುದಿಲ್ಲ ಎಂದು ನಂಬಿದ ಗಂಡಸಿಗೆ ಏನು ಹೇಳುವುದು? ಅವಳು ಒಗ್ಗರಣೆ ಹಾಕುತ್ತಲೇ, ಆ ಅತಿಥಿಗೆ ಅಕ್ಕಿ ಹಾಕಬೇಕೋ ಬೇಡವೋ ಎಂದು ಕೇಳುತ್ತಿದ್ದಳು.

ಸವತಿಯರೆಂದು ಹೆಸರಿಟ್ಟವಳೂ ಅಕ್ಕನೇ. ಕಪ್ಪು ಮುಖದ್ದು ಕಪ್ಪಿ. ಹನ್ನೆರಡರ ಜಾಗದಲ್ಲಿ ಪುಟ್ಟ ಹರಳಿದ್ದದ್ದು ಮೂಗುತಿಯವಳು. ಚಂದ್ರನ ಚಿತ್ರ ಹೊತ್ತದ್ದು ಜಂಬದವಳು. ವಾರ, ತಾರೀಖು ಎರಡನ್ನೂ ತೋರಿಸುವುದು ಪಂಚಾಂಗದವಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಕೂಡಲೇ ಭಾವ ಏಳನ್ನೂ ಸಾಲಾಗಿ ಮಲಗಿಸಿ, ಒಂದೊಂದನ್ನೇ ಕಿವಿಗೆ ಹಿಡಿದು, ಕೀಲಿ ತಿರುಗಿಸಿ, ಹತ್ತಿ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೆನ್ನಿಗೆ ಗಾಜು ಇರುವುದನ್ನು ತಿರುಗಿಸಿ ನನಗೂ ತೋರಿಸುತ್ತಿದ್ದರು. ಒಳಗೆ ಇನ್ನೂರು ತುಂಡು ಇವೆ ನೋಡು, ಒಂದಕ್ಕೊಂದು ಜಗಳವಾಡದೆ ಎಷ್ಟು ವರ್ಷ ಸಂಸಾರ ಮಾಡುತ್ತವೆ, ಎಂದು ಅವರು ಹೇಳುವಾಗ ಬಾಯಿ ಜೋರಿನ ನಾನೂ ಸುಮ್ಮನಾಗುತ್ತಿದ್ದೆ. ಆ ಪುಟ್ಟ ಚಕ್ರ ಅತ್ತ ಹೋಗಿ ಇತ್ತ ಬರುವುದನ್ನು ನೋಡುತ್ತ ಕೂತರೆ, ನಿಜ ಹೇಳುತ್ತೇನೆ, ಏಳಲು ಮನಸ್ಸಾಗುತ್ತಿರಲಿಲ್ಲ.

ನಾನಿರುವುದು ನೆರೂಳದಲ್ಲಿ, ಅಲ್ಲಿನ ಒಂದು ಶಾಲೆಯಲ್ಲಿ ಟೀಚರು. ವಾಶಿಯಲ್ಲಿ ಮಾಲುಗಳು ತಲೆಯೆತ್ತಿದ ಮೇಲೆ ಭಾವ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರತೊಡಗಿದರು. ನಾದಿನಿಯ ಮೇಲಿನ ಪ್ರೀತಿಯೆಂದು ನಾನು ಬೀಗಿದೆ. ಊಟವಾದ ಮೇಲೆ ಅವರು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡಾಗಲೇ ನನಗೆ ಸಂಶಯ ಬರಬೇಕಿತ್ತು! ಮಾಲಿನ ಒಂದು ತಣ್ಣನೆಯ ಅಂಗಡಿಯಲ್ಲಿ, ಬಿಳಿ ಕೈಗವಸು ಹಾಕಿದ ಹುಡುಗಿಯೊಬ್ಬಳು ಗಾಜಿನ ಪೆಟ್ಟಿಗೆಯಿಂದ ಒಂದು ಗಡಿಯಾರ ತೆಗೆದು ಅವರ ಕೈಗೆ ಕಟ್ಟಿದಳು. ಭಾವ ಹತ್ತು ನಿಮಿಷ ಅದನ್ನು ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಕೂತರು. ಅದರ ಬೆಲೆಯಲ್ಲಿ ಡೊಂಬಿವ್ಲಿಯಲ್ಲಿ ಇನ್ನೊಂದು ಕೋಣೆ ಕಟ್ಟಿಸಬಹುದಿತ್ತು. ಹುಡುಗಿ ವಿನಯದಿಂದ ಪ್ಯಾಕ್ ಮಾಡಲೇ ಎಂದು ಕೇಳಿದಳು. ಭಾವ ಗಂಡಿನ ಕಡೆಯವರ ಗತ್ತಿನಲ್ಲಿ ಎದ್ದು ನಿಂತು, ಮನೆಯಲ್ಲಿ ವಿಚಾರಿಸಿ ತಿಳಿಸುತ್ತೇವೆ ಎಂದರು. ಎರಡು ವರ್ಷ ವಿಚಾರಿಸಿದರು! ಕೊನೆಗೆ ಅದು ಯಾರ ಮನೆ ಸೇರಿತೋ, ಆ ತಿಂಗಳು ಭಾವ ನಮ್ಮಲ್ಲಿ ಊಟ ಸರಿಯಾಗಿ ಮಾಡಲಿಲ್ಲ.

ಇಷ್ಟರವರೆಗಿನದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿಲ್ಲ.

ಅಕ್ಕ ನಿವೃತ್ತಳಾದ ಮರುವರ್ಷ ಭಾವ ಫೋನು ಮಾಡಿ ಬಹಳ ಖುಷಿಯಿಂದ ಒಂದು ಸುದ್ದಿ ಹೇಳಿದರು. ನಿನ್ನ ಅಕ್ಕ ಈಗೀಗ ನನ್ನನ್ನು ಗಂಟೆ ಎಷ್ಟೆಂದು ಕೇಳುತ್ತಾಳೆ, ಕೆಲವು ದಿನ ಹತ್ತು ಹದಿನೈದು ಸಲ ಕೇಳುತ್ತಾಳೆ, ಕೊನೆಗೂ ಅವಳಿಗೆ ಇವುಗಳ ಮೇಲೆ ಮನಸ್ಸು ಬಂತು! ಅವಳು ಕೇಳಿದಾಗಲೆಲ್ಲ ಅವರು ಬೇರೆ ಬೇರೆ ಗಡಿಯಾರ ನೋಡಿ ಸೆಕೆಂಡಿನ ಸಮೇತ ಹೇಳುತ್ತಿದ್ದರಂತೆ. ನಾನು ಫೋನಿನಲ್ಲೇ ನಕ್ಕೆ. ನಗುವಂಥದ್ದಲ್ಲ ಎಂದು ನಮ್ಮಿಬ್ಬರಿಗೂ ಹೊಳೆಯಲು ಐದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು, ಬಿಟ್ಟ ಕಚೇರಿಗೆ ಡಬ್ಬಿ ಕಟ್ಟಿಕೊಂಡು ಹೊರಟಿದ್ದಳು, ನಮ್ಮ ಅಮ್ಮ ತೀರಿಕೊಂಡದ್ದನ್ನು ನನ್ನಿಂದಲೇ ಕೇಳಿ ತಿಳಿದು ಹೊಸದಾಗಿ ಅತ್ತಿದ್ದಳು.

ನೆರೂಳದ ಒಬ್ಬ ಡಾಕ್ಟರರ ಹತ್ತಿರ ಹೆಸರು ಬರೆಸಿದೆ. ನೆನಪಿನ ಶಕ್ತಿಯನ್ನು ಅವರು ಪ್ರಶ್ನೆ ಕೇಳಿ ಪರೀಕ್ಷಿಸುತ್ತಾರೆ ಎಂದು ಭಾವನಿಗೆ ಹೇಳಿದ್ದೂ ನಾನೇ. ಪರೀಕ್ಷೆ! ಆ ಶಬ್ದವನ್ನು ನಾನು ಬಾಯಿಂದ ಬಿಡಬಾರದಿತ್ತು. ಪರೀಕ್ಷೆ ಎಂದರೆ ಪಾಸಾಗಬೇಕಾದದ್ದು ಎಂದಷ್ಟೇ ನಮ್ಮ ಜನಕ್ಕೆ ಗೊತ್ತು. ಹೋಟೆಲಿನ ಖಾಯಂ ಗಿರಾಕಿಯೊಬ್ಬರ ತಾಯಿಗೆ ಅಂಥದೇ ಪರೀಕ್ಷೆ ಆಗಿತ್ತಂತೆ. ಭಾವ ಅವರನ್ನು ಕೂರಿಸಿ, ಎರಡು ಪ್ಲೇಟ್ ಇಡ್ಲಿ ಕೊಟ್ಟು, ಎಲ್ಲ ಪ್ರಶ್ನೆಗಳನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು. ಪ್ರಶ್ನೆಪತ್ರಿಕೆ ಸೋರಿಹೋಯಿತು! ಇವತ್ತು ಯಾವ ವಾರ, ತಾರೀಖೆಷ್ಟು, ನೂರರಿಂದ ಏಳೇಳು ಕಳೆಯಿರಿ. ಎಲ್ಲಕ್ಕಿಂತ ತಮಾಷೆಯೆಂದರೆ, ಒಂದು ಗಡಿಯಾರ ಬರೆದು ಅದರಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ. ಗಡಿಯಾರ! ನಮ್ಮ ಮನೆಯಲ್ಲಿ ಗಡಿಯಾರಕ್ಕೆ ಬರವೇ ಎಂದು ಭಾವ ಎದೆ ಉಬ್ಬಿಸಿದರು.

ಎರಡು ವಾರ ಅಕ್ಕನಿಗೆ ಕ್ಲಾಸು ನಡೆಯಿತು. ಕಪ್ಪಿಯನ್ನು ಮುಂದಿಟ್ಟುಕೊಂಡು ಅವಳು ದಿನಕ್ಕೆ ಇಪ್ಪತ್ತು ಸಲ ಹನ್ನೊಂದು ಹತ್ತು ಬರೆದಳು. ತೊಂಬತ್ತಮೂರು, ಎಂಬತ್ತಾರು ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು. ಪರೀಕ್ಷೆಯ ದಿನ ಠಾಣೆಯಿಂದ ನೆರೂಳಕ್ಕೆ ಬರುವ ಗಾಡಿಯಲ್ಲಿಯೂ ಪಾಠ ನಡೆದಿತ್ತು. ಸ್ಟೇಷನ್ನಿನಲ್ಲಿ ನಾನು ಎದುರುಗೊಂಡಾಗ ಅಕ್ಕನ ಮಣಿಕಟ್ಟಿನಲ್ಲಿ ಪಂಚಾಂಗದವಳು ಮಿಂಚುತ್ತಿದ್ದಳು. ವಾರ ತಾರೀಖು ಮರೆತರೆ ನೋಡಿಕೊಳ್ಳಲಿ ಎಂದು ಕಟ್ಟಿದ್ದೇನೆ ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು.

ಡಾಕ್ಟರು ತಾರೀಖು ಕೇಳಿದರು. ಅಕ್ಕ ಸೆರಗು ಸರಿಮಾಡುವವಳಂತೆ ಕೈಯೆತ್ತಿ, ನೋಡಿ, ಹೇಳಿದಳು. ವಾರವನ್ನೂ ಹೇಳಿದಳು. ಏಳೇಳು ಕಳೆದಳು. ಗಡಿಯಾರವನ್ನಂತೂ ಎಷ್ಟು ಚಂದ ಬರೆದಳೆಂದರೆ, ಮೂರರ ಪಕ್ಕದಲ್ಲಿ ತಾರೀಖಿನ ಪುಟ್ಟ ಕಿಟಕಿಯನ್ನೂ ಬಿಡಲಿಲ್ಲ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ವರ್ಷಕ್ಕೆ ಮುನ್ನೂರು ಮಕ್ಕಳ ಪರೀಕ್ಷೆಗೆ ಕಾವಲು ನಿಲ್ಲುವವಳು, ಅಂಗೈಯಲ್ಲಿ ಬರೆದುಕೊಂಡು ಬಂದವರನ್ನು ಹತ್ತು ಅಡಿಯಿಂದ ಹಿಡಿಯುವವಳು, ಅವತ್ತು ಬಾಯಿ ಮುಚ್ಚಿಕೊಂಡೆ. ನನಗೂ ಅಕ್ಕ ಪಾಸಾಗುವುದು ಬೇಕಿತ್ತು. ವಯಸ್ಸಿಗೆ ಸಹಜವಾದ ಮರೆವು ಅಷ್ಟೇ, ಒಂದು ವರ್ಷ ಬಿಟ್ಟು ಬನ್ನಿ ಎಂದರು ಡಾಕ್ಟರು. ಭಾವ ಕೆಳಗಿಳಿದವರೇ ಅರ್ಧ ಕಿಲೋ ಪೇಡೆ ಕೊಂಡು, ಆಟೋದವನಿಗೂ ಕೊಟ್ಟರು.

ಒಂದು ವರ್ಷ ಕಾಯಬೇಕಾಗಲಿಲ್ಲ. ಒಂಬತ್ತನೆಯ ತಿಂಗಳಿಗೆ ಪುನಃ ಅದೇ ಕುರ್ಚಿಯಲ್ಲಿ ಕೂತಾಗ ಅಕ್ಕನಿಗೆ ಗಡಿಯಾರದ ವೃತ್ತವನ್ನೇ ಕೂಡಿಸಲಾಗಲಿಲ್ಲ. ಅಂಕಿಗಳೆಲ್ಲ ಒಂದೇ ಬದಿಗೆ ಬಂದು ಗುಂಪುಗೂಡಿದವು. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ, ಆದರೆ ಮೊದಲೇ ತಿಳಿದಿದ್ದರೆ ಔಷಧಿಯಿಂದ ಸ್ವಲ್ಪ ನಿಧಾನ ಮಾಡಬಹುದಿತ್ತು, ಹೋದ ಸಲ ಚೆನ್ನಾಗಿಯೇ ಬರೆದಿದ್ದರಲ್ಲ ಎಂದು ಡಾಕ್ಟರು ಹಳೆಯ ಕಾಗದ ತೆಗೆದು ನೋಡಿದರು. ಭಾವ ಆ ಕಾಗದವನ್ನೇ ನೋಡುತ್ತಿದ್ದರು.

"ಅದು ನಾನು ಕಾಪಿ ಹೊಡೆಸಿದ್ದು, ಡಾಕ್ಟ್ರೇ," ಎಂದರು.

ನನ್ನದೂ ಪಾಲಿದೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಆಮೇಲೆ ಭಾವ ಹೋಟೆಲನ್ನು ಪಾಲುದಾರರಿಗೆ ಒಪ್ಪಿಸಿ ಮನೆಯಲ್ಲೇ ಉಳಿದರು. ಬೀಗ, ಚಿಲಕ, ಔಷಧಿ ಎಲ್ಲ ನೋಡಿಕೊಂಡರು. ಆದರೆ ಒಂದು ಮಧ್ಯಾಹ್ನ, ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಜಂಬದವಳ ಬೆನ್ನು ಬಿಚ್ಚಿ ಕೂತಿದ್ದಾಗ, ಅಕ್ಕ ಅವರ ಎದುರಿನಿಂದಲೇ ಹಾದು, ಬಾಗಿಲು ತೆಗೆದು ಹೊರಟುಹೋದಳು. ಎಷ್ಟು ಹೊತ್ತಿಗೆ ಹೋದಳೆಂದು ಅವರಿಗೆ ಗೊತ್ತಾಗಲಿಲ್ಲ.

ಸುದ್ದಿ ತಿಳಿದು ನಾನು ಡೊಂಬಿವ್ಲಿಗೆ ಓಡಿ ಬರುವಾಗ ಭಾವ ಸ್ಟೇಷನ್ನಿನ ಪೊಲೀಸ್ ಚೌಕಿಯಲ್ಲಿದ್ದರು. ಹೆಂಗಸು ಪೊಲೀಸೊಬ್ಬರು ಮರಾಠಿಯಲ್ಲಿ ತಾಳ್ಮೆಯಿಂದ ಕೇಳಿ ಬರೆದುಕೊಳ್ಳುತ್ತಿದ್ದರು. ಕೈಯಲ್ಲಿ ಏನಿತ್ತು? ಗಡಿಯಾರ, ಪರೀಕ್ಷೆಯ ದಿನದಿಂದ ಅಕ್ಕನ ಕೈಯಲ್ಲೇ ಉಳಿದಿದ್ದ ಪಂಚಾಂಗದವಳು. ಭಾವ ತಡವರಿಸದೆ ಹೇಳಿದರು. ಬೆಳ್ಳಿ ಬಣ್ಣದ ಮುಖ, ಮೂವತ್ತಾರು ಮಿಲಿಮೀಟರ್ ಅಗಲ, ಕಂದು ಬಣ್ಣದ ಮೊಸಳೆ ಚರ್ಮದ ಪಟ್ಟಿ, ಮೂರನೆಯ ತೂತಿಗೆ ಹಾಕಿದ್ದು, ಹಿಂಬದಿಯ ನಂಬರು ಇಂಥದ್ದು. ಅವರು ಬರೆದುಕೊಂಡು, ಸೀರೆ ಯಾವ ಬಣ್ಣದ್ದು ಎಂದು ಕೇಳಿದರು.

ಭಾವ ಬಾಯಿ ತೆರೆದರು. ಕೆಂಪಿರಬೇಕು ಎಂದರು. ಅಲ್ಲ, ಹಸಿರು ಎಂದರು. ಬೆಳಿಗ್ಗೆಯಿಂದ ಕಣ್ಣೆದುರೇ ಇದ್ದಳಲ್ಲ, ಸೀರೆಯೋ, ನೈಟಿಯೋ ಅದಾದರೂ ಹೇಳಿ ಎಂದು ಪೊಲೀಸಿನವರು ಕೇಳಿದರು. ಭಾವ ನನ್ನ ಕಡೆ ತಿರುಗಿದರು, ನನಗೆ ಗೊತ್ತಿರಬಹುದು ಎನ್ನುವ ಹಾಗೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂವತ್ತು ವರ್ಷ ಎದುರಿಗಿದ್ದವಳನ್ನು ಒಂದು ಸಲವಾದರೂ ಕಣ್ಣೆತ್ತಿ ನೋಡಿದ್ದೀರಾ ಎಂದು ಅಷ್ಟು ಜನರ ಮುಂದೆ ಕೇಳಿಬಿಟ್ಟೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳಲು ಈಗ ಏನು ಬೇಕಾದರೂ ಕೊಡುತ್ತೇನೆ.

ಅಕ್ಕ ಶಹಾಡ್ ಸ್ಟೇಷನ್ನಿನಲ್ಲಿ ಸಿಕ್ಕಿದಳು. ಅಲ್ಲಿ ಹತ್ತಿರ ಕಟ್ಟಡದ ಕೆಲಸಕ್ಕೆ ಬಂದಿದ್ದ ರಾಯಚೂರಿನ ಹೆಂಗಸೊಬ್ಬಳು, ಬೆಂಚಿನ ಮೇಲೆ ಯಾರೋ ತನ್ನಷ್ಟಕ್ಕೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಪಕ್ಕದಲ್ಲಿ ಕೂತಿದ್ದಳು. ಅಕ್ಕ ಮನೆಯ ವಿಳಾಸ ಮರೆತಿದ್ದಳು, ನನ್ನ ಹೆಸರು ಮರೆತಿದ್ದಳು, ಆದರೆ ಹೋಟೆಲಿನ ಫೋನ್ ನಂಬರನ್ನು ಗಡಗಡ ಹೇಳಿದ್ದಳು. ನಾವು ಹೋಗುವಾಗ ಇಬ್ಬರೂ ಒಂದೇ ಪೊಟ್ಟಣದಿಂದ ಕಡಲೆ ತಿನ್ನುತ್ತಿದ್ದರು.

"ಅಮ್ಮಾರು ಒಂದ ಸವನೆ ಟೈಮೆಷ್ಟಾತು ಅಂತ ಕೇಳಾಕ ಹತ್ಯಾರ್ರೀ," ಎಂದಳು ಆಕೆ. "ಮನ್ಯಾಗ ಯಾರೋ ಹೇಳವರು ಅದಾರ ಅಂತ ಕಾಣ್ತದ."

ಅಕ್ಕನ ಮಣಿಕಟ್ಟು ಬರಿದಾಗಿತ್ತು. ಅದನ್ನು ಎಲ್ಲಿ ಬಿಚ್ಚಿಟ್ಟಳೋ, ಗಾಡಿಯಲ್ಲಿ ಯಾರಿಗೆ ಕೊಟ್ಟಳೋ ದೇವರಿಗೇ ಗೊತ್ತು. ನಾನು ಏನೋ ಕೇಳಲು ಬಾಯಿ ತೆರೆಯುವ ಮೊದಲೇ ಭಾವ ನನ್ನ ಕೈ ಒತ್ತಿ ಹಿಡಿದರು. ಆ ಹೆಂಗಸಿಗೆ ಕೈಮುಗಿದರು. ಪಂಚಾಂಗದವಳ ಹೆಸರನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅಕ್ಕ ಉಟ್ಟಿದ್ದದ್ದು ಬೂದು ಬಣ್ಣದ ಸೀರೆ. ಭಾವ ಕಲ್ಯಾಣ ದಾಟುವವರೆಗೂ ಅದನ್ನೇ ನೋಡುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವರ ಫೋನು ಬಂತು. ಬರೆದುಕೋ ಎಂದರು. ಡಯಲ್ ನೀಲಿ, ಸ್ಟ್ರಾಪ್ ಹಳದಿ! ಏನು, ಹೊಸ ಗಡಿಯಾರವೇ ಎಂದು ನನಗೆ ಮೈ ಉರಿಯಿತು. ಅಲ್ಲ, ಅಕ್ಕನ ಸೀರೆ. ಮೈ ನೀಲಿ, ಅಂಚು ಹಳದಿ. ಅವರಿಗೆ ಸೀರೆಯ ಭಾಷೆ ಬರುತ್ತಿರಲಿಲ್ಲ, ಬರುವ ಭಾಷೆಯಲ್ಲಿ ಹೇಳಿದ್ದರು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಎಲ್ಲ ನೇರಳೆಯೂ ಅವರಿಗೆ ಮೊದಮೊದಲು ಕಂದೇ ಆಗಿತ್ತು. ನಾನು ಫೋನಿನಲ್ಲೇ ಬೈದು ತಿದ್ದಿದೆ. ಗಿಳಿಹಸಿರು, ಆನಂದ ಬಣ್ಣ, ಅರಿಶಿನ, ಕಾಫಿ ಪುಡಿ ಎಂದು ಒಂದೊಂದಾಗಿ ಕಲಿತರು. ಆರು ತಿಂಗಳಲ್ಲಿ ನನಗಿಂತ ಮುಂದೆ ಹೋದರು. ಅಂಚು ಎಷ್ಟು ಬೆರಳು ಅಗಲ, ಚೌಕಳಿ ಸಣ್ಣದೋ ದೊಡ್ಡದೋ, ಯಾವುದನ್ನು ಯಾರ ಮದುವೆಗೆ ಉಟ್ಟಿದ್ದಳು ಎಂದು ನನ್ನನ್ನೇ ಕೆದಕಿ ಕೇಳುತ್ತಿದ್ದರು. ಅಕ್ಕನಿಗೆ ಉಡಿಸುವುದನ್ನೂ ಅವರೇ ಕಲಿತರು. ನೆರಿಗೆ ಮಾತ್ರ ಯಾವಾಗಲೂ ಒಂದು ಕಡಿಮೆ. ಅಕ್ಕನ ಆರೈಕೆಗೆಂದು ನಾಲ್ಕು ಗಡಿಯಾರ ಕಲ್ಯಾಣಕ್ಕೆ ವಾಪಸು ಹೋದವು. ಉಳಿದ ಎರಡಕ್ಕೆ ಕೀಲಿ ಕೊಡಲು ಬೆಳಿಗ್ಗೆ ಅವರಿಗೆ ಪುರುಸೊತ್ತಿರಲಿಲ್ಲ.

ಹೋದ ದೀಪಾವಳಿಗೆ ನಾನು ಅಲ್ಲಿಗೆ ಹೋದೆ. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಜಂಬುನೇರಳೆ ಸೀರೆ, ಸಾಸಿವೆ ಬಣ್ಣದ ಎರಡು ಬೆರಳಿನ ಅಂಚು. ಬೆಳಿಗ್ಗೆ ಫೋನಿನಲ್ಲಿ ಹೇಳಿದ ಹಾಗೆಯೇ. ನನ್ನನ್ನು ಯಾರೆಂದುಕೊಂಡಳೋ, ಹತ್ತಿರ ಕರೆದು ಕೂರಿಸಿಕೊಂಡು, ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು.

"ಒಳಗೆ ಇದ್ದಾರಲ್ಲ, ಅವರು ಯಾರಂತ ನನಗೆ ಗೊತ್ತಿಲ್ಲ ಮಾರಾಯ್ತಿ. ದಿನಾ ಬೆಳಿಗ್ಗೆ ಬಂದು ನನ್ನ ಸೀರೆ ನೋಡ್ತಾರೆ. ಚಂದ ಉಂಟು ಅಂತಾರೆ."

ಭಾವ ಚಹಾದ ತಟ್ಟೆ ಹಿಡಿದು ಆಗಲೇ ಬಾಗಿಲಿಗೆ ಬಂದಿದ್ದರು.

"ನಮ್ಮವರಿಗೆ ಮಾತ್ರ ಹೇಳ್ಬೇಡ," ಎಂದಳು ಅಕ್ಕ. "ಬೇಜಾರು ಮಾಡ್ಕೊಳ್ತಾರೆ. ಪಾಪ, ಅವರಿಗೆ ವಾಚು ಬಿಟ್ರೆ ಬೇರೆ ಎಂತದೂ ಕಾಣುವುದಿಲ್ಲ."

ಭಾವ ಬಂದು ಲೋಟವನ್ನು ಅವಳ ಕೈಗೆ ಕೊಟ್ಟರು. ಬಿಸಿಯಿದೆಯೆಂದು ಅದರ ಸುತ್ತ ಅವಳ ಬೆರಳುಗಳನ್ನು ಒಂದೊಂದಾಗಿ ಸರಿಯಾಗಿ ಕೂರಿಸಿದರು.

"ನಾನೂ ಹೇಳುವುದಿಲ್ಲ," ಎಂದರು.